ಕಿಸೆಯೊಳಗಿನ ಪಿಸ್ತೂಲು: ಗುಣದೋಷ ವಿಚಾರ



ವೃತ್ತಪತ್ರಿಕೆಯನ್ನು ಬಿಚ್ಚಿದೊಡನೆ ಸುಲಿಗೆಯ ಸುದ್ದಿಯೋ ಗುಂಡೇಟಿನ ಸುದ್ದಿಯೋ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದನ್ನು ಓದಿದವರಲ್ಲಿ ಯಾರಾದರೊಬ್ಬರು, "ನಮ್ಮ ಕಿಸೆಯಲ್ಲೂ ಒಂದು ಪಿಸ್ತೂಲು ಇದ್ದರೆ ಯಾವನು ಮೈಮೇಲೆ ಬಂದಾನು?" ಎನ್ನುವುದುಂಟು. ಮಾತು ಹಗುರವಾಗಿ ಹೊರಟರೂ ಅದರ ಹಿಂದಿನ ಭಯ ಹಗುರವಾದುದಲ್ಲ. ಮನ್ಮಾಡಿನ ಆಹಾರ ನಿಗಮದ ಗೋದಾಮಿನಲ್ಲಿ ಚೀಲ ಹೊರುವವರೂ, ರೈಲ್ವೆಯ ಕಾರ್ಖಾನೆಯಲ್ಲಿ ಕಬ್ಬಿಣದೊಡನೆ ಹೆಣಗುವವರೂ, ಕಚೇರಿಯಲ್ಲಿ ಲೆಕ್ಕ ಬರೆಯುವವರೂ ಹೊತ್ತಲ್ಲದ ಹೊತ್ತಿನಲ್ಲಿ ಒಂಟಿಯಾಗಿ ಖೋಲಿಗೆ ನಡೆಯಬೇಕಾಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸು ಹಿಡಿದು ಸೊಲ್ಲಾಪುರ, ಕಲಬುರಗಿ, ವಾಡಿಗಳ ಕಡೆಗೆ ಹೊರಟಾಗ ಮನೆಗೆಂದು ಕೂಡಿಟ್ಟದ್ದು ಮೈಮೇಲೆಯೇ ಇರುತ್ತದೆ. ಪರಸ್ಥಳದಲ್ಲಿ ಇರುವವನಿಗೆ ಆಪತ್ತು ಬಂದರೆ ಕೂಗಿ ಕರೆಯಲು ಅಣ್ಣತಮ್ಮಂದಿರು ಹತ್ತಿರ ಇರುವುದಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡದೆ, ಬಚ್ಚಿಟ್ಟುಕೊಂಡ ಪಿಸ್ತೂಲಿನಿಂದ ಆಗುವ ಅನುಕೂಲವೇನು, ಅನಾನುಕೂಲವೇನು, ಕಾಯಿದೆ ಏನು ಹೇಳುತ್ತದೆ ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

1. ಕಿಸೆಯ ಪಿಸ್ತೂಲು ಎಂದರೇನು?

ಒಂದೇ ಕೈಯಲ್ಲಿ ಹಿಡಿದು ಹಾರಿಸಬಹುದಾದ ಸಣ್ಣ ಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ರಿವಾಲ್ವರು. ಇದರಲ್ಲಿ ತಿರುಗುವ ಒಂದು ಉರುಳೆಯಿದ್ದು, ಅದರ ರಂಧ್ರಗಳಲ್ಲಿ ಸಾಮಾನ್ಯವಾಗಿ ಐದೋ ಆರೋ ತೋಟಾಗಳು ಕೂಡುತ್ತವೆ. ಎರಡನೆಯದು ಪಿಸ್ತೂಲು. ಇದರ ಹಿಡಿಯೊಳಗೆ ತೋಟಾಗಳ ಪೆಟ್ಟಿಗೆಯಿರುತ್ತದೆ. ಒಂದು ಗುಂಡು ಹಾರಿದೊಡನೆ ಇನ್ನೊಂದು ತಾನಾಗಿಯೇ ಮೇಲೇರುತ್ತದೆ. ಎರಡರಲ್ಲಿಯೂ ಬೆರಳಿನಿಂದ ಎಳೆಯುವ ಟ್ರಿಗರು ಎಂಬ ಕುದುರೆಯೇ ಪ್ರಾಣಸ್ಥಾನ. ಅದನ್ನು ಎಳೆಯುವುದು ಬೆರಳಾದರೂ ಸರಿ, ಕಿಸೆಯಲ್ಲಿದ್ದ ಬೀಗದ ಕೈಯಾದರೂ ಸರಿ, ಯಂತ್ರಕ್ಕೆ ಅದರ ಭೇದ ತಿಳಿಯದು.

ಕಿಸೆಯಲ್ಲಿ ಅಡಗುವಷ್ಟು ಚಿಕ್ಕ ಆಯುಧವನ್ನು ಮಾಡುವ ಯತ್ನ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೆನ್ರಿ ಡೆರಿಂಜರ್ ಎಂಬ ಕಸಬುದಾರನು ಮಾಡುತ್ತಿದ್ದ ಅಂಗೈಯಗಲದ ಪಿಸ್ತೂಲುಗಳು ಪ್ರಸಿದ್ಧವಾಗಿದ್ದವು. 1865ರ ಏಪ್ರಿಲ್ 14ರಂದು ನಾಟಕಶಾಲೆಯಲ್ಲಿ ರಾಷ್ಟ್ರಾಧ್ಯಕ್ಷ ಅಬ್ರಹಾಂ ಲಿಂಕನ್ನರಿಗೆ ಪ್ರಾಣಾಂತಿಕವಾದ ಗುಂಡು ಹೊಡೆದುದು ಅಂಥದೊಂದು ಪಿಸ್ತೂಲಿನಿಂದಲೇ. ನಮ್ಮ ದೇಶದಲ್ಲಿಯೂ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆಯು 2014ರಲ್ಲಿ "ನಿರ್ಭೀಕ್" ಎಂಬ ರಿವಾಲ್ವರನ್ನು, ವಿಶೇಷವಾಗಿ ಹೆಂಗಸರಿಗಾಗಿ ಎಂದು ಹೇಳಿ, ಹೊರತಂದಿತು. ಅದರ ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ 1,22,360 ರೂಪಾಯಿ. ಅರ್ಧ ಕಿಲೋ ತೂಕದ ಈ ಸಾಮಾನಿನ ಬೆಲೆ ಎಷ್ಟೋ ಕೂಲಿಕಾರರ ಒಂದು ವರ್ಷದ ದುಡಿಮೆಗೆ ಸಮವಾಗಿತ್ತು ಎಂಬುದನ್ನು ಮೊದಲೇ ಗಮನಿಸತಕ್ಕದ್ದು.

2. ಗುಟ್ಟಿನ ಲಾಭ ಯಾರಿಗೆ?

ಬಚ್ಚಿಟ್ಟ ಪಿಸ್ತೂಲಿನ ಸ್ವಭಾವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ನಾಸಿಕ ಜಿಲ್ಲೆಯ ಇತಿಹಾಸದಲ್ಲಿಯೇ ಅದಕ್ಕೆ ನಿದರ್ಶನವಿದೆ.

1909ರ ಡಿಸೆಂಬರ್ 21ರ ರಾತ್ರಿ ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ "ಶಾರದಾ" ಸಂಗೀತ ನಾಟಕವಿತ್ತು. ವರ್ಗವಾಗಿ ಹೊರಟಿದ್ದ ಕಲೆಕ್ಟರ್ ಎ. ಎಂ. ಟಿ. ಜಾಕ್ಸನ್ ಅತಿಥಿಯಾಗಿ ಬಂದಿದ್ದರು. ಅನಂತ ಕಾನ್ಹೇರೆ ಎಂಬ ಯುವಕನು ಅಲ್ಲಿ ಅವರನ್ನು ಬ್ರೌನಿಂಗ್ ಪಿಸ್ತೂಲಿನಿಂದ ಕೊಂದನು. ಕಾನ್ಹೇರೆ ಆಗಿನ ಔರಂಗಾಬಾದಿನಿಂದ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಿಂದ, ಬಂದವನು. ಆ ಊರಿನಿಂದ ನಾಸಿಕಕ್ಕೆ ಹೋಗುವ ರೈಲುದಾರಿ ಅಂದೂ ಇಂದೂ ನಮ್ಮ ಮನ್ಮಾಡನ್ನೇ ಮುಟ್ಟಿ ಹೋಗುತ್ತದೆ. ಲಂಡನ್ನಿನಿಂದ ಸಾವರಕರರು ಕಳಿಸಿದ್ದ ಇಪ್ಪತ್ತು ಬ್ರೌನಿಂಗ್ ಪಿಸ್ತೂಲುಗಳ ವಿಷಯ ಮುಂದೆ ನಾಸಿಕ ಪಿತೂರಿ ಮೊಕದ್ದಮೆಯಲ್ಲಿ ಹೊರಬಂದಿತು. 1910ರ ಏಪ್ರಿಲ್ 19ರಂದು ಕಾನ್ಹೇರೆ, ಕರ್ವೆ, ದೇಶಪಾಂಡೆ ಮೂವರನ್ನೂ ಠಾಣೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಪರರಾಜ್ಯದ ವಿರುದ್ಧ ನಡೆದ ಆ ಕೃತ್ಯವನ್ನು ಜನ ನಾನಾ ವಿಧವಾಗಿ ಬೆಲೆಕಟ್ಟುತ್ತಾರೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಪಾಠಕ್ಕೆ ಬೇಕಾದುದು ಇಷ್ಟೇ: ತುಂಬಿದ ನಾಟಕಗೃಹದಲ್ಲಿ ಆ ಪಿಸ್ತೂಲು ಹೊರಬರುವ ಗಳಿಗೆ ಯಾವುದು ಎಂಬುದು ಅದನ್ನು ತಂದವನಿಗೆ ಗೊತ್ತಿತ್ತು, ಗುರಿಯಾದವರಿಗೆ ಗೊತ್ತಿರಲಿಲ್ಲ.

ಎರಡನೆಯ ನಿದರ್ಶನ ಎಲ್ಲರೂ ಬಲ್ಲದ್ದು. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾ ಸಭೆಯ ಹತ್ತಿರ ಬಾಂಬು ಸಿಡಿದಿತ್ತು. ಅನಂತರ ಕಾವಲು ಹೆಚ್ಚಿಸಿದರು. ಸಾದಾ ಉಡುಪಿನಲ್ಲಿ ರಿವಾಲ್ವರು ಧರಿಸಿದ ಪೋಲೀಸರನ್ನೂ ಇಟ್ಟರು. ಬರುವವರ ಮೈ ತಪಾಸಣೆ ಮಾಡಲು ಮಾತ್ರ ಗಾಂಧೀಜಿ ಒಪ್ಪಲಿಲ್ಲ. ಜನವರಿ 30ರ ಸಂಜೆ ನಾಥೂರಾಮ ಗೋಡ್ಸೆ ಬೆರೆಟ್ಟಾ ಪಿಸ್ತೂಲನ್ನು ಬಚ್ಚಿಟ್ಟುಕೊಂಡು ಜನರ ನಡುವೆ ನಿಂತು, ಮುಂದೆ ಬಂದು, ಮೂರು ಗುಂಡು ಹಾರಿಸಿದನು. ಕಾವಲಿನವರ ರಿವಾಲ್ವರುಗಳು ಒರೆಯಲ್ಲಿಯೇ ಉಳಿದವು.

ಮೂರನೆಯದು 1981ರ ಮಾರ್ಚ್ 30ರಂದು ವಾಷಿಂಗ್ಟನ್ ನಗರದಲ್ಲಿ ನಡೆದದ್ದು. ರಾಷ್ಟ್ರಾಧ್ಯಕ್ಷ ರೇಗನ್‌ರ ಸುತ್ತ ಜಗತ್ತಿನಲ್ಲಿಯೇ ಒಳ್ಳೆಯ ತರಬೇತಿ ಪಡೆದ ಆಯುಧಧಾರಿಗಳಿದ್ದರು. ಆದರೂ ಗುಂಪಿನಲ್ಲಿ ರಿವಾಲ್ವರು ಬಚ್ಚಿಟ್ಟು ನಿಂತಿದ್ದವನು ಸುಮಾರು 1.7 ಸೆಕೆಂಡಿನಲ್ಲಿ ಆರು ಗುಂಡುಗಳನ್ನೂ ಹಾರಿಸಿ ಮುಗಿಸಿದ್ದನು.

ಈ ಮೂರರಿಂದಲೂ ಹೊರಡುವ ಸೂತ್ರ ಒಂದೇ. ಆಯುಧವನ್ನು ಬಚ್ಚಿಡುವುದರ ಲಾಭ ಹೊತ್ತನ್ನು ಆರಿಸಿಕೊಳ್ಳುವವನದು. ಹೊತ್ತನ್ನು ಆರಿಸಿಕೊಳ್ಳುವವನು ಆಕ್ರಮಣ ಮಾಡುವವನು. ಆತ್ಮರಕ್ಷಣೆ ಮಾಡಿಕೊಳ್ಳುವವನಿಗೆ ಆ ಆಯ್ಕೆ ಎಂದಿಗೂ ಇಲ್ಲ. ಮುಂದಿನ ಗುಣದೋಷಗಳನ್ನೆಲ್ಲ ಈ ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡೇ ತೂಗಬೇಕು.

3. ಅನುಕೂಲಗಳು

ನ್ಯಾಯವಾಗಿ ವಿಚಾರ ಮಾಡುವವರು ಎದುರುಪಕ್ಷದ ಮಾತನ್ನೂ ಪೂರ್ಣವಾಗಿ ಹೇಳಬೇಕು.

ಮೊದಲನೆಯದು: ಬಲವಿಲ್ಲದವನನ್ನು ಬಲಿಷ್ಠನಿಗೆ ಸಮನಾಗಿ ನಿಲ್ಲಿಸುವ ಶಕ್ತಿ ಪಿಸ್ತೂಲಿಗಿದೆ. ಮುದುಕ, ಹೆಂಗಸು, ಅಂಗವಿಕಲ ಇವರು ಮುಷ್ಟಿಯಿಂದಾಗಲಿ ಕೋಲಿನಿಂದಾಗಲಿ ಇಬ್ಬರು ಪುಂಡರನ್ನು ಎದುರಿಸಲಾರರು.

ಎರಡನೆಯದು: ಪೋಲೀಸರು ಎಲ್ಲ ಕಾಲದಲ್ಲಿಯೂ ಎಲ್ಲ ಕಡೆಯಲ್ಲಿಯೂ ಇರಲಾರರು. ಊರಿನಿಂದ ದೂರದ ತೋಟದ ಮನೆಯವರು, ಚಿನ್ನಬೆಳ್ಳಿ ವ್ಯಾಪಾರಿಗಳು, ಬೆದರಿಕೆ ಬಂದಿರುವ ಸಾಕ್ಷಿಗಾರರು ಮೊದಲಾದವರಿಗೆ ಅಪಾಯ ಊಹೆಯದಲ್ಲ. ಕಾಯಿದೆ ಲೈಸೆನ್ಸಿಗೆ ಅವಕಾಶ ಇಟ್ಟಿರುವುದೂ ಇಂಥವರಿಗಾಗಿಯೇ.

ಮೂರನೆಯದು: ಆಯುಧ ಕಾಣದಂತೆ ಇದ್ದರೆ ಸುತ್ತಲಿನವರು ಬೆದರುವುದಿಲ್ಲ, ಸಂತೆಯಲ್ಲಿ, ಬಸ್ಸಿನಲ್ಲಿ ಗಾಬರಿಯಾಗುವುದಿಲ್ಲ, ಕಿತ್ತುಕೊಳ್ಳಬೇಕೆಂಬ ಆಸೆಯೂ ಕಳ್ಳನಿಗೆ ಹುಟ್ಟುವುದಿಲ್ಲ.

ನಾಲ್ಕನೆಯದು: ಯಾರ ಹತ್ತಿರ ಆಯುಧವಿದೆಯೋ ತಿಳಿಯದೆ ಇದ್ದಾಗ ಕಳ್ಳನು ಎಲ್ಲರಿಗೂ ಅಂಜುತ್ತಾನೆಂಬ ವಾದವೂ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಲಾಟ್ 1998ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ವಾದವನ್ನು ಅಂಕಿಸಂಖ್ಯೆಗಳೊಡನೆ ಮಂಡಿಸಿದನು. ಆ ದೇಶದ ಅರ್ಧಕ್ಕಿಂತ ಹೆಚ್ಚು ಸಂಸ್ಥಾನಗಳಲ್ಲಿ ಇಂದು ಲೈಸೆನ್ಸೇ ಇಲ್ಲದೆ ಪಿಸ್ತೂಲು ಬಚ್ಚಿಟ್ಟುಕೊಂಡು ತಿರುಗಬಹುದು. ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ಪ್ರಜೆಯ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿದೆ.

4. ಅನಾನುಕೂಲಗಳು

ಕಾಲದ ಅಭಾವ. ಅಮೆರಿಕದ ಸಾಲ್ಟ್ ಲೇಕ್ ನಗರದ ಪೋಲೀಸ್ ಶಿಕ್ಷಕ ಡೆನಿಸ್ ಟುಲರ್ 1983ರಲ್ಲಿ ಒಂದು ಸರಳ ಪರೀಕ್ಷೆಯ ವಿಷಯ ಬರೆದನು. ಚೂರಿ ಹಿಡಿದವನೊಬ್ಬನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ. ಪಳಗಿದ ಪೋಲೀಸನಿಗೆ ಸೊಂಟದ ಒರೆಯಿಂದ ಪಿಸ್ತೂಲೆಳೆದು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಹಾಗಿರುವಾಗ ಷರಟಿನ ಅಂಚನ್ನು ಎತ್ತಿ, ಕಿಸೆಗೆ ಕೈ ತೂರಿಸಿ, ಕರವಸ್ತ್ರವನ್ನೂ ಚಿಲ್ಲರೆಯನ್ನೂ ಸರಿಸಿ ಪಿಸ್ತೂಲು ಹುಡುಕುವ ನಮ್ಮ ಗತಿಯೇನು? ರೈಲಿನ ಬಾಗಿಲ ಬಳಿ ಹತ್ತು ಜನ ಒತ್ತಿಕೊಂಡು ನಿಂತಾಗ 21 ಅಡಿ ದೂರವಾದರೂ ಎಲ್ಲಿ ಸಿಕ್ಕೀತು? ಸುಲಿಗೆಗಾರನು ಚೂರಿಯನ್ನು ಹೊರತೆಗೆದು ಹಿಡಿದ ಮೇಲೆಯೇ ಮಾತಾಡಿಸುತ್ತಾನೆ. ಆಗ ಕಿಸೆಗೆ ಕೈ ಹಾಕಿದರೆ, ಹಣ ಪಡೆದು ಹೋಗಬಹುದಾಗಿದ್ದವನು ಚುಚ್ಚಿಯೇ ಹೋಗುತ್ತಾನೆ.

ಆಕಸ್ಮಿಕ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ಚಲಚ್ಚಿತ್ರ ನಟ ಗೋವಿಂದ ಪ್ರಯಾಣಕ್ಕೆ ಹೊರಡುವ ಮುನ್ನ ತಮ್ಮ ಲೈಸೆನ್ಸಿನ ರಿವಾಲ್ವರನ್ನು ಕಪಾಟಿನಲ್ಲಿಡುತ್ತಿದ್ದಾಗ ಅದು ಕೈತಪ್ಪಿ ಗುಂಡು ಹಾರಿತು; ಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಎದುರಾಳಿ ಯಾರೂ ಇರಲಿಲ್ಲ. 2008ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ಲಾಕ್ಸಿಕೊ ಬರೆಸ್ ಎಂಬ ಪ್ರಸಿದ್ಧ ಆಟಗಾರನು ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಪಿಸ್ತೂಲು ಜಾರಿ ಅವನ ತೊಡೆಗೇ ಗುಂಡು ತಗುಲಿತು. ಆ ನಗರದ ಲೈಸೆನ್ಸು ಇಲ್ಲದೆ ಅದನ್ನು ಒಯ್ದುದಕ್ಕಾಗಿ ಮರುವರ್ಷ ಎರಡು ವರ್ಷಗಳ ಶಿಕ್ಷೆಯೂ ಆಯಿತು. ಒಬ್ಬರದು ಲೈಸೆನ್ಸಿನ ಆಯುಧ, ಇನ್ನೊಬ್ಬರದು ಅಲ್ಲದ್ದು. ಗುಂಡು ಮಾತ್ರ ಇಬ್ಬರಲ್ಲಿಯೂ ಭೇದವೆಣಿಸಲಿಲ್ಲ.

ಕಳವು. ಪಾಕೀಟು ಹೊಡೆಯುವವನ ಕೈ ಪಿಸ್ತೂಲನ್ನೂ ಹೊಡೆಯಬಲ್ಲದು. ಆರು ಜನ ಒಂದೇ ಖೋಲಿಯಲ್ಲಿ ಮಲಗುವ, ಪೆಟ್ಟಿಗೆಗೆ ಸಣ್ಣ ಬೀಗವೊಂದೇ ಇರುವ ನಮ್ಮವರ ಬಾಳಿನಲ್ಲಿ ಅಂಥ ಆಯುಧವನ್ನು ಎಲ್ಲಿ ಭದ್ರವಾಗಿಡುವುದು? ಕಳೆದುಹೋದ ಪಿಸ್ತೂಲು ನಾಳೆ ಯಾರ ಎದೆಗೆ ಗುರಿಯಾಗುವುದೋ ಹೇಳುವಂತಿಲ್ಲ.

ಸಿಟ್ಟು, ಕುಡಿತ, ನಿರಾಶೆ. ಇದು ಎಲ್ಲಕ್ಕಿಂತ ದೊಡ್ಡ ದೋಷ. ಸೀಟಿಗಾಗಿ, ನೀರಿನ ನಲ್ಲಿಗಾಗಿ, ಇಸ್ಪೀಟಿನ ಆಟಕ್ಕಾಗಿ ಜಗಳವಾಗುವುದುಂಟು. ಕೈಕೈ ಹತ್ತಿದರೂ ಮರುದಿನ ಒಂದೇ ಕಪ್ಪು ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿಯುತ್ತಾರೆ. ಅದೇ ಗಳಿಗೆಯಲ್ಲಿ ಒಬ್ಬನ ಕಿಸೆಯಲ್ಲಿ ಪಿಸ್ತೂಲಿದ್ದರೆ ಮರುದಿನವೆಂಬುದೇ ಬರುವುದಿಲ್ಲ. ಸಾಲ, ಒಂಟಿತನ, ಊರಿನಿಂದ ಬಂದ ಕೆಟ್ಟ ಸುದ್ದಿ ಇವುಗಳಿಂದ ಎದೆಗುಂದಿದವನು ತನ್ನ ಮೇಲೆಯೇ ಆಯುಧ ತಿರುಗಿಸಿಕೊಳ್ಳುವ ಅಪಾಯವೂ ಅಷ್ಟೇ ನಿಜ. ಅಂಥ ಯೋಚನೆ ಎಷ್ಟೋ ಸಲ ಒಂದು ರಾತ್ರಿಯದು. ಆಯುಧ ಕೈಗೆ ಸಿಕ್ಕದಿದ್ದರೆ ಆ ರಾತ್ರಿ ಕಳೆದು ಮನುಷ್ಯ ಉಳಿಯುತ್ತಾನೆ. ಹಾಗೆ ಮನಸ್ಸು ಕುಗ್ಗಿದವರು 14416 ಎಂಬ ಸರಕಾರದ ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳೂ ಮಾತಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಇನ್ನು ಅಂಕಿಸಂಖ್ಯೆಗಳ ವಿಷಯ. ಮೇಲೆ ಹೇಳಿದ ಜಾನ್ ಲಾಟನ ವಾದವನ್ನು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ಪರಿಶೀಲಿಸಿ, ಅಪರಾಧ ಇಳಿಯಿತೆಂದಾಗಲಿ ಏರಿತೆಂದಾಗಲಿ ನಿಶ್ಚಯಿಸಲು ಆ ಪುರಾವೆ ಸಾಲದೆಂದು 2004ರಲ್ಲಿ ಹೇಳಿತು. 2019ರಲ್ಲಿ ಜಾನ್ ಡೊನೊಹ್ಯೂ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಸ್ತೂಲು ಒಯ್ಯುವ ಹಕ್ಕನ್ನು ಸಡಿಲಿಸಿದ ಸಂಸ್ಥಾನಗಳಲ್ಲಿ ಹತ್ತು ವರ್ಷಗಳ ತರುವಾಯ ಹಿಂಸಾಪರಾಧಗಳು, ಸಡಿಲಿಸದೆ ಇದ್ದಿದ್ದರೆ ಇರಬಹುದಾಗಿದ್ದುದಕ್ಕಿಂತ, ಶೇಕಡಾ 13ರಿಂದ 15ರಷ್ಟು ಹೆಚ್ಚಾಗಿದ್ದವು. ವಿದ್ವಾಂಸರ ವಾದ ಇನ್ನೂ ನಡೆದೇ ಇದೆ. ಆದರೂ ಕಿಸೆಕಿಸೆಗೂ ಪಿಸ್ತೂಲು ಬಂದರೆ ಊರು ಶಾಂತವಾಗುತ್ತದೆ ಎಂಬ ಮಾತು ಸಿದ್ಧವಾಗಿಲ್ಲ ಎಂಬಷ್ಟನ್ನು ನಾವು ಧೈರ್ಯವಾಗಿ ಹೇಳಬಹುದು.

5. ಪಾನೇವಾಡಿಯ ಪಾಠ

ನಮ್ಮ ಊರಿನ ಪಕ್ಕದ ಪಾನೇವಾಡಿಯ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಅಲ್ಲಿ ಎಣ್ಣೆ ಕಂಪನಿಗಳ ದೊಡ್ಡ ಡಿಪೋಗಳಿವೆ. 2011ರ ಜನವರಿ 25ರಂದು, ಗಣರಾಜ್ಯೋತ್ಸವದ ಮುನ್ನಾದಿನ, ಮಾಲೇಗಾಂವದ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರು ಆ ಭಾಗದಲ್ಲಿ ಇಂಧನದ ಕಳ್ಳತನ, ಕಲಬೆರಕೆ ನಡೆಯುತ್ತಿರುವುದನ್ನು ಕಂಡು ವಿಚಾರಿಸಲು ಹೋದರು. ಅವರನ್ನು ಹೊಡೆದು, ಮೈಮೇಲೆ ಎಣ್ಣೆ ಸುರಿದು, ಹಾಡುಹಗಲಲ್ಲಿ ಸುಟ್ಟು ಕೊಂದರು. ಬೆಂಕಿಯಲ್ಲಿ ಸುಟ್ಟುಕೊಂಡ ಮುಖ್ಯ ಆರೋಪಿಯೂ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಸತ್ತನು. ಜನವರಿ 27ರಂದು ಮಹಾರಾಷ್ಟ್ರದ ಸರಕಾರಿ ನೌಕರರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು.

"ಅವರ ಕಿಸೆಯಲ್ಲಿ ಪಿಸ್ತೂಲು ಇದ್ದಿದ್ದರೆ?" ಎಂದು ಕೇಳುವುದು ಮನುಷ್ಯಸಹಜ. ಒಂದು ಗುಂಡಿಗೆ ಗುಂಪು ಚೆದರುತ್ತಿತ್ತೋ ಏನೋ ಎಂದು ಮನಸ್ಸು ಹಂಬಲಿಸುತ್ತದೆ. ಆದರೆ ಆ ಸ್ಥಳವನ್ನು ಊಹಿಸಿ ನೋಡೋಣ. ಎದುರಿಗೆ ಇದ್ದವನು ಒಬ್ಬನಲ್ಲ. ಸುತ್ತಲೂ ಹೊತ್ತಿಕೊಳ್ಳುವ ಎಣ್ಣೆ. ಒಂದು ಕಿಡಿ ಸಾಕು. ಪಿಸ್ತೂಲಿನ ಬಾಯಿಂದ ಗುಂಡಿನೊಡನೆ ಹೊರಡುವುದೂ ಬೆಂಕಿಯೇ. ಸರಕಾರದ ಅಧಿಕಾರವನ್ನು ಹೆಗಲ ಮೇಲೆ ಹೊತ್ತು ಹೋದ ಆ ಅಧಿಕಾರಿಗೆ ಬೇಕಾಗಿದ್ದುದು ಜೊತೆಯಲ್ಲಿ ಪೋಲೀಸ್ ಪಡೆ, ಮತ್ತು ಅಂಥ ಕಳ್ಳದಂಧೆ ವರ್ಷಗಟ್ಟಲೆ ಬೇರೂರದಂತೆ ನೋಡಿಕೊಳ್ಳುವ ಆಡಳಿತ. ಈ ಎರಡು ಇಲ್ಲದ ಕಡೆ ಒಂದು ಪಿಸ್ತೂಲನ್ನು ಕೊಟ್ಟು "ನಿನ್ನನ್ನು ನೀನೇ ಕಾಯ್ದುಕೋ" ಎನ್ನುವುದು ರಕ್ಷಣೆಯ ಹೊಣೆಯನ್ನು ಕಳಚಿಕೊಳ್ಳುವ ಉಪಾಯವಾಗುತ್ತದೆ.

6. ಎಲ್ಲರೂ ಬಲ್ಲ ಆಯುಧ

ಹಾಗಾದರೆ ಆಯುಧ ಇಟ್ಟುಕೊಂಡವರೆಲ್ಲ ಕೆಟ್ಟರೇ? ಇಲ್ಲ. ನಮ್ಮ ಕೊಡಗನ್ನೇ ನೋಡಿರಿ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ದೊರೆತ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ "ತೋಕ್" ಎನ್ನುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವೇರಿಸಿ ಪೂಜೆ ಮಾಡುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವುದು ಹಳೆಯ ಪದ್ಧತಿ.

ನಮ್ಮ ಮನ್ಮಾಡಿನಲ್ಲಿಯೇ ಇನ್ನೊಂದು ನಿದರ್ಶನವಿದೆ. ಗುಪ್ತಸರ ಗುರುದ್ವಾರಕ್ಕೆ ಬರುವ, ಇಲ್ಲಿಂದ ನಾಂದೇಡಿಗೆ ಹೋಗುವ ಸಿಖ್ ಯಾತ್ರಿಕರು ಕೃಪಾಣ ಧರಿಸಿರುತ್ತಾರೆ. ಕೃಪಾಣ ಧರಿಸುವುದು ಸಿಖ್ ಧರ್ಮಾಚರಣೆಯಲ್ಲಿ ಸೇರಿದೆಯೆಂದು ಸಂವಿಧಾನದ 25ನೆಯ ಅನುಚ್ಛೇದದ ವಿವರಣೆಯೇ ಹೇಳುತ್ತದೆ.

ಈ ಎರಡರಲ್ಲಿಯೂ ಒಂದು ಸಮಾನ ಗುಣವಿದೆ. ತೋಕಾಗಲಿ ಕೃಪಾಣವಾಗಲಿ ಗುಟ್ಟಿನದಲ್ಲ. ಅದು ಯಾರ ಮನೆಯಲ್ಲಿದೆ, ಯಾರ ಮೈಮೇಲಿದೆ ಎಂಬುದನ್ನು ನೆರೆಹೊರೆ ಬಲ್ಲದು. ಅದಕ್ಕೆ ಪೂಜೆಯ, ವ್ರತದ, ಹಿರಿಯರ ಅಂಕೆಯಿದೆ. ತಪ್ಪು ಮಾಡಿದರೆ ಕುಲಕ್ಕೇ ಕಳಂಕವೆಂಬ ಅಂಜಿಕೆಯಿದೆ. ಕಿಸೆಯಲ್ಲಿ ಬಚ್ಚಿಟ್ಟ ಪಿಸ್ತೂಲಿಗೆ ಈ ನಾಲ್ಕು ಜನರ ಕಣ್ಣಿನ ಅಂಕೆಯಿಲ್ಲ. ಆದುದರಿಂದಲೇ ಅದಕ್ಕೆ ಕಾಯಿದೆಯ ಅಂಕೆ ಹೆಚ್ಚಾಗಿ ಬೇಕಾಗಿದೆ.

7. ಕಾಯಿದೆಯ ಅಂಕೆ

ನಮ್ಮ ದೇಶದಲ್ಲಿ ಈ ವಿಷಯವನ್ನು ಆಳುವುದು 1959ರ ಆಯುಧ ಕಾಯಿದೆ. ಅದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. 2019ರಲ್ಲಿ ಮುಖ್ಯವಾದ ತಿದ್ದುಪಡಿಗಳಾದವು. ಈಗ ಅದರೊಡನೆ ನಡೆಯುವುದು 2016ರ ನಿಯಮಗಳು. ನಮ್ಮ ಓದುಗರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ಕೊಟ್ಟಿದ್ದೇವೆ.

(ಅ) ಲೈಸೆನ್ಸಿಲ್ಲದೆ ಪಿಸ್ತೂಲನ್ನು ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ನಮ್ಮ ಮನ್ಮಾಡಿನವರು ಜಿಲ್ಲಾಧಿಕಾರಿಗೆ, ಕಮಿಷನರೇಟು ಇರುವ ನಗರದವರು ಪೋಲೀಸ್ ಕಮಿಷನರರಿಗೆ ಅರ್ಜಿ ಕೊಡಬೇಕು. ಪೋಲೀಸ್ ಠಾಣೆಯ ವರದಿ ತರಿಸಿಕೊಂಡು, ಅಗತ್ಯ ನಿಜವೇ ಎಂದು ನೋಡಿ, ಕೊಡಬಹುದು ಇಲ್ಲವೆ ನಿರಾಕರಿಸಬಹುದು. ಆಯುಧದ ಸುರಕ್ಷಿತ ಬಳಕೆಯ ತರಬೇತಿಯನ್ನು ನಿಯಮಗಳು ವಿಧಿಸುತ್ತವೆ. ಲೈಸೆನ್ಸಿನ ಅವಧಿ ಈಗ ಐದು ವರ್ಷ.

(ಆ) ಲೈಸೆನ್ಸು ಇದ್ದವರೂ ಪಿಸ್ತೂಲನ್ನು ಬರಿಯ ಕಿಸೆಗೆ ಹಾಕಿಕೊಂಡು ತಿರುಗುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಅದು ಹೋಲ್‌ಸ್ಟರ್ ಎಂಬ ಒರೆಯಲ್ಲಿ ಅಥವಾ ಅಂಥ ಚೀಲದಲ್ಲಿ, ಪೂರ್ತಿಯಾಗಿ ಮುಚ್ಚಿದಂತೆ, ಧರಿಸಿದವನ ಹಿಡಿತದಲ್ಲಿ ಇರಬೇಕು. ಹೊರತೆಗೆದು ಝಳಪಿಸುವುದು ನಿಷಿದ್ಧ. ಮದುವೆ ಮೆರವಣಿಗೆಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

(ಇ) ಲೈಸೆನ್ಸಿಲ್ಲದ ಪಿಸ್ತೂಲು ಸಿಕ್ಕರೆ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷಗಳವರೆಗೆ ಸಜೆ, ಮೇಲೆ ದಂಡ. ಕಳ್ಳತನದಲ್ಲಿ ಮಾಡಿ ಮಾರುವವರಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ. "ಕಟ್ಟಾ" ಎಂಬ ನಾಡಪಿಸ್ತೂಲನ್ನು ಅಗ್ಗದ ಬೆಲೆಗೆ ಕೊಡುತ್ತೇನೆಂದು ಯಾರಾದರೂ ಬಂದರೆ, ಅವನು ಮಾರುವುದು ರಕ್ಷಣೆಯನ್ನಲ್ಲ, ಸೆರೆಮನೆಯ ಬಾಗಿಲನ್ನು. ಕೆಟ್ಟ ಕಬ್ಬಿಣದ ನಳಿಗೆ ಸಿಡಿದು ಹಾರಿಸಿದವನ ಕೈಯನ್ನೇ ಕಳೆಯಬಹುದು. ಸ್ನೇಹಿತನು "ಎರಡು ದಿನ ನಿನ್ನ ಪೆಟ್ಟಿಗೆಯಲ್ಲಿಟ್ಟಿರು ಮಾರಾಯಾ" ಎಂದು ಕೊಟ್ಟರೂ ಅಪರಾಧ ಇಟ್ಟುಕೊಂಡವನದೂ ಆಗುತ್ತದೆ.

(ಈ) ಚೂರಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮನೆಗೆಲಸಕ್ಕೆ, ಬೇಸಾಯಕ್ಕೆ, ಕಸಬಿಗೆ ಮಾಡಿದವನ್ನು ಬಿಟ್ಟು, ಅಲಗು 9 ಅಂಗುಲಕ್ಕಿಂತ ಉದ್ದವೋ 2 ಅಂಗುಲಕ್ಕಿಂತ ಅಗಲವೋ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ಇದಲ್ಲದೆ ಹಬ್ಬ, ಚುನಾವಣೆ, ಗಲಭೆಗಳ ಕಾಲದಲ್ಲಿ ಮಹಾರಾಷ್ಟ್ರ ಪೋಲೀಸ್ ಕಾಯಿದೆಯ 37ನೆಯ ಕಲಮಿನ ಪ್ರಕಾರ ಕೋಲು, ಚೂರಿ, ಬಂದೂಕು ಯಾವುದನ್ನೂ ಒಯ್ಯಬಾರದೆಂದು ಆಜ್ಞೆ ಹೊರಡಿಸಬಹುದು.

(ಉ) ಆತ್ಮರಕ್ಷಣೆಯ ಹಕ್ಕು ಪ್ರತಿಯೊಬ್ಬನಿಗೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಲ್ಲಿ ಅದರ ವಿವರವಿದೆ. ಆದರೆ ಅದಕ್ಕೆ ಮಿತಿಯುಂಟು. ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಕೊಡುವಂತಿಲ್ಲ. ಪ್ರಾಣ ತೆಗೆಯುವಷ್ಟು ದೂರ ಹೋಗಲು ಪ್ರಾಣಭಯ, ಘೋರವಾದ ಗಾಯದ ಭಯ, ಮಾನಭಂಗ, ದರೋಡೆಗಳಂಥ ಕಾರಣ ಬೇಕು. ಪ್ಲಾಟ್‌ಫಾರಮ್ಮಿನಲ್ಲಿ ಪಾಕೀಟು ಎಗರಿಸಿ ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದವನು ರಕ್ಷಕನಾಗಿ ಉಳಿಯುವುದಿಲ್ಲ. ಕೊಲೆಯ ಆಪಾದನೆಗೆ ಉತ್ತರ ಹೇಳಬೇಕಾದವನಾಗುತ್ತಾನೆ.

8. ಹಾಗಾದರೆ ನಾವು ಮಾಡತಕ್ಕದ್ದೇನು?

ಗುಣದೋಷಗಳನ್ನು ಹೀಗೆ ತೂಗಿದಾಗ ನಮಗೆ ತೋರುವ ನಿರ್ಣಯ ಇದು. ಕಿಸೆಯ ಪಿಸ್ತೂಲು ಉಪಯೋಗಕ್ಕೆ ಬರಬೇಕಾದರೆ ಅಪಾಯ ಮುಂಚಿತವಾಗಿ ಕಣ್ಣಿಗೆ ಬೀಳಬೇಕು, ಕೈಗೆ ಸಮಯ ಸಿಕ್ಕಬೇಕು, ನಿರಂತರ ಅಭ್ಯಾಸವಿರಬೇಕು, ಕಾಯಿದೆ ಪಕ್ಕದಲ್ಲಿರಬೇಕು. ನಾಲ್ಕೂ ಒಂದೇ ಗಳಿಗೆಯಲ್ಲಿ ಕೂಡಿಬರುವುದು ಬಹಳ ಅಪರೂಪ. ಅದರ ಅಪಾಯವಾದರೋ ಉಳಿದ ಎಲ್ಲ ದಿನಗಳಲ್ಲಿಯೂ ಮೈಗೆ ಅಂಟಿಕೊಂಡೇ ಇರುತ್ತದೆ. ನಿಜವಾದ, ನಿರ್ದಿಷ್ಟವಾದ ಬೆದರಿಕೆಯಿರುವ ಕೆಲವರು ಲೈಸೆನ್ಸು ಪಡೆದು, ಕಲಿತು, ಭದ್ರವಾಗಿಟ್ಟುಕೊಂಡರೆ ಅದನ್ನು ಅಲ್ಲಗಳೆಯುವುದಿಲ್ಲ. ಹಮಾಲರಿಗೆ, ಕಾರಕೂನರಿಗೆ, ಒಂದೇ ಖೋಲಿಯಲ್ಲಿ ಹತ್ತು ಜನ ಇರುವವರಿಗೆ ಅದು ತಕ್ಕ ದಾರಿಯಲ್ಲ.

ಆದರೆ "ಪಿಸ್ತೂಲು ಬೇಡ" ಎಂದು ಹೇಳಿ ಸುಮ್ಮನಾದರೆ ಭಯ ಹೋಗುವುದಿಲ್ಲ. ಅದಕ್ಕೆ ಬದಲಾಗಿ ಇವನ್ನು ರೂಢಿ ಮಾಡಿಕೊಳ್ಳಬೇಕು:

ರಾತ್ರಿ ಪಾಳಿ ಬಿಟ್ಟವರು ಒಬ್ಬೊಬ್ಬರಾಗಿ ಹೊರಡದೆ ಮೂವರು ನಾಲ್ವರು ಕೂಡಿ ನಡೆಯಬೇಕು. ಹೊಸದಾಗಿ ಬಂದ ಹುಡುಗರನ್ನು ಹಳಬರು ಜೊತೆಗೆ ಕರೆದುಕೊಳ್ಳಬೇಕು. ದೀಪವಿಲ್ಲದ ಹಾದಿಗೆ ದೀಪ ಹಾಕಿಸಲು ಹತ್ತು ಜನ ಸಹಿ ಮಾಡಿ ನಗರಪಾಲಿಕೆಗೆ ಅರ್ಜಿ ಕೊಡಬೇಕು. ಒಂದು ದೀಪದ ಕಂಬ ಹತ್ತು ಪಿಸ್ತೂಲಿಗೆ ಸಮ.

ಊರಿಗೆ ಕಳಿಸುವ ಹಣವನ್ನು ಬ್ಯಾಂಕಿನ ಖಾತೆಯ ಮೂಲಕ ಕಳಿಸಿ, ದಾರಿ ಖರ್ಚಿಗೆ ಬೇಕಾದಷ್ಟನ್ನೇ ಕೈಯಲ್ಲಿಟ್ಟುಕೊಳ್ಳಬೇಕು. ಫೋನಿನ ಮೂಲಕ ಹಣ ಕಳಿಸುವವರು ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ರೈಲಿನಲ್ಲಿ ತೊಂದರೆಯಾದರೆ 139, ಬೇರೆಲ್ಲಿಯಾದರೂ 112, ಈ ಎರಡು ಸಂಖ್ಯೆಗಳನ್ನು ಓದಲು ಬಾರದವರಿಗೂ ಬಾಯಿಪಾಠ ಮಾಡಿಸಬೇಕು. ಕಳವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದರೂ ಫಿರ್ಯಾದಿಯನ್ನು ಯಾವ ಠಾಣೆಯಲ್ಲಾದರೂ ಬರೆಯಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅದಕ್ಕೆ ಆಧಾರ. ಮರಾಠಿ ಬರೆಯಲು ಬಾರದವರ ಜೊತೆಗೆ ಬರೆಯಬಲ್ಲವರು ಹೋಗಬೇಕು.

ಕೊನೆಯದಾಗಿ, ಚೂರಿ ತೋರಿಸಿ ಹಣ ಕೇಳಿದರೆ ಹಣ ಕೊಟ್ಟುಬಿಡುವುದು ಹೇಡಿತನವಲ್ಲ. ಮುಖ, ಮಾತು, ಹೋದ ದಿಕ್ಕು ಇವನ್ನು ನೆನಪಿಟ್ಟುಕೊಂಡು ಒಡನೆಯೇ ಠಾಣೆಗೆ ಹೇಳಬೇಕು. ಹೋದ ಸಂಬಳವನ್ನು ಮುಂದಿನ ತಿಂಗಳುಗಳಲ್ಲಿ ದುಡಿದು ತುಂಬಬಹುದು. ಊರಿನಲ್ಲಿ ಕಾಯುತ್ತಿರುವ ತಾಯಿಗೆ ಬೇಕಾದುದು ಆ ಹಣವನ್ನು ತರುವ ಮಗ.

ಚರ್ಚಾಕೂಟಕ್ಕೆ ಪ್ರಶ್ನೆಗಳು

1. ಬಚ್ಚಿಟ್ಟ ಆಯುಧದ ಲಾಭ ಆಕ್ರಮಣಕಾರನಿಗೇ ಹೆಚ್ಚು ಎಂಬುದನ್ನು ಮೂರು ನಿದರ್ಶನಗಳಿಂದ ವಿವರಿಸಿರಿ.
2. ಲೈಸೆನ್ಸು ಇದ್ದವನು ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಹೇಗೆ ಒಯ್ಯಬೇಕು?
3. ಕೊಡಗಿನ ತೋಕಿಗೂ ಕಿಸೆಯ ಪಿಸ್ತೂಲಿಗೂ ಇರುವ ಭೇದವೇನು?
4. ಆತ್ಮರಕ್ಷಣೆಯ ಹಕ್ಕಿನ ಮಿತಿಗಳು ಯಾವುವು?
5. ನಿಮ್ಮ ಓಣಿಯಲ್ಲಿ ರಾತ್ರಿಯ ಹೊತ್ತು ಭಯಕ್ಕೆ ಕಾರಣವಾದ ಸ್ಥಳ ಯಾವುದು? ಅದನ್ನು ಸರಿಪಡಿಸಲು ಯಾರಿಗೆ ಅರ್ಜಿ ಬರೆಯಬೇಕು? ಬರೆದು ತನ್ನಿರಿ, ಕೂಟದಲ್ಲಿ ಓದಿ, ತಿದ್ದಿ, ಸಹಿ ಮಾಡಿ ಕಳಿಸೋಣ.